ಕೊರೆಯದ ಸುರಂಗ: ಟೋಪಾಲಜಿಕಲ್ ವಸ್ತುಗಳು ಮತ್ತು ಟನಲಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಆರು ವರ್ಷ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪಿನ ಜೊತೆ ಕಳೆದು ಊರಿಗೆ ಮರಳಿದವಳು ನಾನು. ಈಗ ಹಾಸನದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಬೇಲೂರು, ಆಲೂರು, ಚನ್ನರಾಯಪಟ್ಟಣ, ಆಚೆ ಚಿಕ್ಕಮಗಳೂರಿನವರೆಗೆ ಕಾಲೇಜಿನವರು ಕರೆದಾಗ ಹೋಗಿ ಆ ಕೆಲಸದ ಬಗ್ಗೆ, ಅಂದರೆ ಒಳಗೆ ವಿದ್ಯುತ್ ಹರಿಯದೆ ಮೇಲ್ಮೈಯಲ್ಲಿ ಮಾತ್ರ ಹರಿಯುವ ಟೋಪಾಲಜಿಕಲ್ ವಸ್ತುಗಳ ರೋಹಿತವನ್ನು (ಸ್ಪೆಕ್ಟ್ರಮ್) ಆ ಯಂತ್ರದಿಂದ ತೆಗೆಯುವ ಬಗ್ಗೆ, ಮಾತಾಡಿದ್ದೇನೆ. ಅಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು. ಕೆಲವು ವಿದ್ಯಾರ್ಥಿಗಳವು, ಕೆಲವು ಅವರ ತಂದೆ ತಾಯಿಯವು. ವೇದಿಕೆಯ ಮೇಲೆ ಅವಸರದಲ್ಲಿ ಕೊಟ್ಟ ಉತ್ತರ ನನಗೇ ಸಾಲದೆನ್ನಿಸಿ ಇಲ್ಲಿ ಬಿಡುವಾಗಿ ಬರೆದಿದ್ದೇನೆ.

ಸುರಂಗ ಅಂದರೆ ಸಕಲೇಶಪುರದ ರೈಲು ಹಾದಿಯಲ್ಲಿ ಇರುತ್ತದಲ್ಲ, ಅದೇ ತರಹವೇ?

ಈ ಪದವೇ ಮೊದಲ ತೊಡಕು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ಹಾದಿಯಲ್ಲಿ 50ಕ್ಕೂ ಹೆಚ್ಚು ಸುರಂಗಗಳಿವೆ. ಒಂದೊಂದನ್ನೂ ಜನ ಬಂಡೆ ಒಡೆದು ಕೊರೆದಿದ್ದಾರೆ, ಆಮೇಲೆ ರೈಲು ಓಡಿದೆ. ಎಲೆಕ್ಟ್ರಾನಿಗೆ ಯಾರೂ ಏನನ್ನೂ ಕೊರೆದುಕೊಡುವುದಿಲ್ಲ. ಬೆಟ್ಟ ಇದ್ದ ಹಾಗೇ ಇರುತ್ತದೆ, ಅದನ್ನು ಹತ್ತುವಷ್ಟು ಶಕ್ತಿ ಎಲೆಕ್ಟ್ರಾನಿಗಿಲ್ಲ, ಆದರೂ ಒಮ್ಮೊಮ್ಮೆ ಅದು ಆಚೆ ಬದಿಯಲ್ಲಿ ಸಿಗುತ್ತದೆ. ಎಲೆಕ್ಟ್ರಾನಿಗೆ ಅಲೆಯ ಗುಣವಿರುವುದೇ ಇದಕ್ಕೆ ಕಾರಣ. ಅಲೆ ತಡೆಯ ಅಂಚಿಗೆ ಬಂದು ತಟ್ಟನೆ ನಿಲ್ಲುವುದಿಲ್ಲ, ತಡೆಯ ಒಳಗೆ ಹೋಗುತ್ತಾ ಸೊರಗುತ್ತದೆ. ತಡೆ ತೆಳುವಾಗಿದ್ದರೆ ಪೂರ್ತಿ ಸೊರಗುವ ಮೊದಲೇ ಆಚೆ ದಡ ಬಂದಿರುತ್ತದೆ. ವಿಕಿರಣಶೀಲ ಪರಮಾಣುವಿನಿಂದ ಆಲ್ಫಾ ಕಣ ಹೊರಬರುವುದನ್ನು 1928ರಲ್ಲಿ ಜಾರ್ಜ್ ಗ್ಯಾಮೊವ್ ಹೀಗೆಯೇ ವಿವರಿಸಿದರು.

ನಮ್ಮ ಯಂತ್ರದಲ್ಲಿ ಬೆಟ್ಟ ಎಂದರೆ ಲೋಹದ ಸೂಜಿಯ ಮೊನೆಗೂ ಸ್ಯಾಂಪಲ್ಲಿಗೂ ನಡುವಿನ ಖಾಲಿ ಜಾಗ. ಒಂದು ನ್ಯಾನೋಮೀಟರಿನ ಆಸುಪಾಸು. ಈ ಜಾಗವನ್ನು 0.1 ನ್ಯಾನೋಮೀಟರ್ ಹಿಗ್ಗಿಸಿ ನೋಡಿ, ಕರೆಂಟು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ ದೂರ ಅದು. ಹಾಗಾಗಿ ಸೂಜಿಯ ತುತ್ತತುದಿಯಲ್ಲಿ ಮುಂದೆ ಚಾಚಿಕೊಂಡ ಒಂದೇ ಪರಮಾಣು ಬಹುಪಾಲು ಕರೆಂಟನ್ನು ಹೊರುತ್ತದೆ, ಹಿಂದಿನ ಸಾಲಿನವು ದೂರವಾಗಿ ಬಿಡುತ್ತವೆ. ಈ ಒಂದು ಗುಣವನ್ನು ಹಿಡಿದು 1981ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಯಂತ್ರ ಕಟ್ಟಿದರು. 1986ರಲ್ಲಿ ನೊಬೆಲ್ ಬಂತು.

ಅದು ಪರಮಾಣುಗಳ ಚಿತ್ರ ತೆಗೆಯುವ ಯಂತ್ರವಲ್ಲವೇ? ರೋಹಿತ ಎಲ್ಲಿಂದ ಬಂತು?

ಪಠ್ಯಪುಸ್ತಕದಲ್ಲಿ ಚಿತ್ರ ಮಾತ್ರ ಇರುತ್ತದೆ. ನನಗೆ ಅದಕ್ಕಿಂತ ಅಮೂಲ್ಯವಾಗಿ ಕಂಡದ್ದು ಚಿತ್ರದ ನಂತರದ ಕೆಲಸ. ಸೂಜಿಯನ್ನು ಒಂದು ಪರಮಾಣುವಿನ ಮೇಲೆ ತಂದು, ಎತ್ತರ ಕದಲದಂತೆ ಹಿಡಿದು, ಸ್ಯಾಂಪಲ್ಲಿನ ವೋಲ್ಟೇಜನ್ನು ಮೈನಸ್‌ನಿಂದ ಪ್ಲಸ್‌ಗೆ ನಿಧಾನವಾಗಿ ಸರಿಸುತ್ತೇವೆ. ಪ್ಲಸ್ ಇದ್ದಾಗ ಸೂಜಿಯ ಎಲೆಕ್ಟ್ರಾನುಗಳು ಸ್ಯಾಂಪಲ್ಲಿನ ಖಾಲಿ ಸ್ಥಾನಗಳಿಗೆ ಹೋಗುತ್ತವೆ. ಮೈನಸ್ ಇದ್ದಾಗ ಸ್ಯಾಂಪಲ್ಲಿನ ತುಂಬಿದ ಸ್ಥಾನಗಳಿಂದ ಸೂಜಿಗೆ ಬರುತ್ತವೆ. ದಾಟಿದ ಎಲೆಕ್ಟ್ರಾನಿಗೆ ಇಳಿಯಲು ಸ್ಥಾನ ಇರಬೇಕು, ಇಲ್ಲವಾದರೆ ದಾಟುವುದೇ ಇಲ್ಲ. ವೋಲ್ಟೇಜನ್ನು ಒಂದು ಚೂರು ಏರಿಸಿದಾಗ ಕರೆಂಟು ಎಷ್ಟು ಏರಿತು ಎಂದು ಬರೆಯುತ್ತಾ ಹೋದರೆ, ಆ ಜಾಗದಲ್ಲಿ ಒಂದೊಂದು ಶಕ್ತಿಗೂ ಎಷ್ಟು ಸ್ಥಾನಗಳಿವೆ ಎಂಬ ನಕ್ಷೆ ಸರಿಸುಮಾರಾಗಿ ಸಿಗುತ್ತದೆ. ಇದೇ ಟನಲಿಂಗ್ ರೋಹಿತ. ಸೂಜಿಯನ್ನು ಪಕ್ಕದ ಪರಮಾಣುವಿಗೆ ಸರಿಸಿ, ಮತ್ತೆ ಬರೆಯಿರಿ. ಒಂದು ರಾತ್ರಿಯಲ್ಲಿ ಹೀಗೆ ಸಾವಿರಾರು ರೋಹಿತ ತೆಗೆಯಬಹುದು.

ಕರೆಂಟು ಎಷ್ಟು ಚಿಕ್ಕದು ಅಂದರೆ, 100 ಪಿಕೋಆಂಪಿಯರ್ ನಮಗೆ ಧಾರಾಳ. ಮನೆಯಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬು ಇದರ ಸುಮಾರು 40 ಕೋಟಿ ಪಟ್ಟು ಎಳೆಯುತ್ತದೆ. ಇಷ್ಟು ಸಣ್ಣ ಸದ್ದನ್ನು ಗದ್ದಲದ ನಡುವೆ ಹೇಗೆ ಕೇಳುವುದು? ಹಾಸನದವರಿಗೆ ಇದನ್ನು ಹೇಳುವುದು ಸುಲಭ. ನಮ್ಮ ಊರಿನ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರದ ತಟ್ಟೆಗಳು 36,000 ಕಿಲೋಮೀಟರ್ ಮೇಲಿನ ಉಪಗ್ರಹದ ಕ್ಷೀಣ ದನಿಯನ್ನು ಹಿಡಿಯುವುದು ಯಾವ ಆವರ್ತನದಲ್ಲಿ ಕಿವಿಗೊಡಬೇಕು ಎಂದು ಮೊದಲೇ ಗೊತ್ತಿರುವುದರಿಂದ. ನಾವೂ ವೋಲ್ಟೇಜಿನ ಮೇಲೆ ಕೆಲವು ನೂರು ಹರ್ಟ್ಸ್‌ನ ಒಂದು ಪುಟ್ಟ ಅಲುಗಾಟ ಸೇರಿಸಿ, ಕರೆಂಟಿನಲ್ಲಿ ಅದೇ ಆವರ್ತನದ ಅಲುಗಾಟವನ್ನು ಮಾತ್ರ ಲಾಕ್‌ಇನ್ ಆಂಪ್ಲಿಫೈಯರಿನಿಂದ ಹೆಕ್ಕಿಕೊಳ್ಳುತ್ತೇವೆ. ಆ ಆವರ್ತನ 50ರ ಗುಣಕವಾಗಿರದಂತೆ ನೋಡಿಕೊಳ್ಳಬೇಕು. ಗೋಡೆಯ ಪ್ಲಗ್ಗಿನ ಕರೆಂಟು 50 ಹರ್ಟ್ಸ್‌ನಲ್ಲಿ ಎಲ್ಲೆಲ್ಲೂ ಗುಂಯ್‌ಗುಡುತ್ತಿರುತ್ತದೆ.

ಟೋಪಾಲಜಿ ಅಂದರೇನು? ಕೋಡುಬಳೆ ಉದಾಹರಣೆ ಕೊಟ್ಟಿರಿ, ಅರ್ಥವಾಗಲಿಲ್ಲ.

ಇಡ್ಲಿಯನ್ನು ಒತ್ತಿ ಚಪ್ಪಟೆ ಮಾಡಿ ದೋಸೆಯ ಆಕಾರಕ್ಕೆ ತರಬಹುದು. ಹರಿಯದೆ, ತುದಿಗೆ ತುದಿ ಅಂಟಿಸದೆ ಅದನ್ನು ಕೋಡುಬಳೆ ಮಾಡಲಾಗದು. ಒಂದಕ್ಕೆ ತೂತಿಲ್ಲ, ಇನ್ನೊಂದಕ್ಕೆ ಒಂದು ತೂತು. ಒಂದೂವರೆ ತೂತು ಎಂಬುದು ಇಲ್ಲ. ಸಣ್ಣಪುಟ್ಟ ಎಳೆದಾಟಕ್ಕೆ ಜಗ್ಗದ ಇಂಥ ಪೂರ್ಣಾಂಕಗಳ ಲೆಕ್ಕವೇ ಟೋಪಾಲಜಿ.

ಇಲ್ಲಿಯವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ತೊಡಕು ಮುಂದೆ. ನಾವು ನೋಡುವ ಟೋಪಾಲಜಿಕಲ್ ವಸ್ತುವಾದ ಬಿಸ್ಮತ್ ಸೆಲೆನೈಡ್ ಹರಳಿನಲ್ಲಿ ಕಣ್ಣಿಗೆ ಕಾಣುವ ಯಾವ ತೂತೂ ಇಲ್ಲ. ಪೂರ್ಣಾಂಕ ಇರುವುದು ಎಲೆಕ್ಟ್ರಾನ್ ಅಲೆಗಳ ಹೆಣಿಗೆಯಲ್ಲಿ. ಯಾವುದೇ ಅವಾಹಕದಲ್ಲಿ ಎಲೆಕ್ಟ್ರಾನು ತುಂಬಿದ ಶಕ್ತಿಪಟ್ಟಿ ಕೆಳಗೆ, ಖಾಲಿ ಪಟ್ಟಿ ಮೇಲೆ, ನಡುವೆ ಅಂತರ. ಬಿಸ್ಮತ್‌ನಂಥ ಭಾರದ ಪರಮಾಣುಗಳಲ್ಲಿ ಎಲೆಕ್ಟ್ರಾನಿನ ಸ್ಪಿನ್ (ಅದನ್ನು ಪುಟ್ಟ ಅಯಸ್ಕಾಂತದಂತೆ ಮಾಡುವ ಗುಣ) ಅದರ ಚಲನೆಯೊಡನೆ ಬಲವಾಗಿ ಬೆಸೆದುಕೊಂಡು, ಮೇಲಿರಬೇಕಾದ ಪಟ್ಟಿಯ ಒಂದು ಭಾಗ ಕೆಳಗೆ ಬರುತ್ತದೆ, ಕೆಳಗಿನದು ಮೇಲೆ ಹೋಗುತ್ತದೆ. ಹೆಣಿಗೆಗೆ ಒಂದು ತಿರುಚು ಬೀಳುತ್ತದೆ. ಹೊರಗಿನ ನಿರ್ವಾತವೂ ಒಂದು ಅವಾಹಕವೇ, ಆದರೆ ತಿರುಚಿಲ್ಲದ್ದು, ಇಡ್ಲಿ ಜಾತಿ. ಎರಡೂ ಸೇರುವ ಗಡಿಯಲ್ಲಿ ತಿರುಚು ಬಿಚ್ಚಲೇಬೇಕು, ಬಿಚ್ಚಬೇಕಾದರೆ ಶಕ್ತಿಯ ಅಂತರ ಮುಚ್ಚಬೇಕು. ಆದ್ದರಿಂದ ಒಳಗೆ ವಿದ್ಯುತ್ ಹರಿಯದ ವಸ್ತುವಿನ ಮೇಲ್ಮೈಯಲ್ಲಿ ಹರಿದೇ ಹರಿಯುತ್ತದೆ. ಮೇಲ್ಮೈಗೆ ಗೀರು ಹಾಕಿದರೆ ಗೀರಿನ ತಳವೇ ಹೊಸ ಮೇಲ್ಮೈ.

ಈ ಕಥೆಗೆ ದೊಡ್ಡ ಬೇರುಗಳಿವೆ. 1980ರಲ್ಲಿ ಕ್ಲೌಸ್ ಫಾನ್ ಕ್ಲಿಟ್ಸಿಂಗ್ ಕಂಡ ಕ್ವಾಂಟಮ್ ಹಾಲ್ ಪರಿಣಾಮ (ಕಾಂತಕ್ಷೇತ್ರದಲ್ಲಿ ತೆಳು ಪದರದ ವಿದ್ಯುತ್ ಅಳತೆ ಪೂರ್ಣಾಂಕದ ಮೆಟ್ಟಿಲುಗಳಲ್ಲಿ ಬದಲಾಗುವುದು), ಅದರ ಪೂರ್ಣಾಂಕಕ್ಕೆ 1982ರಲ್ಲಿ ಡೇವಿಡ್ ಥೌಲೆಸ್ ಮತ್ತು ಸಂಗಡಿಗರು ಕೊಟ್ಟ ವಿವರಣೆ, 2005ರಲ್ಲಿ ಚಾರ್ಲ್ಸ್ ಕೇನ್ ಮತ್ತು ಯೂಜಿನ್ ಮೆಲೆ ಟೋಪಾಲಜಿಕಲ್ ಅವಾಹಕಗಳ ಬಗ್ಗೆ ಮುಂದಿಟ್ಟ ಸಿದ್ಧಾಂತ, 2007ರಲ್ಲಿ ಅದನ್ನು ಮೊದಲು ತೋರಿಸಿದ ಜರ್ಮನಿಯ ವ್ಯುರ್ತ್ಸ್‌ಬುರ್ಗ್‌ನ ಪ್ರಯೋಗ. ಬಿಸ್ಮತ್ ಸೆಲೆನೈಡ್ ಬಂದದ್ದು 2009ರಲ್ಲಿ, ಸುಮಾರು 0.3 ಎಲೆಕ್ಟ್ರಾನ್‌ವೋಲ್ಟ್ ಅಂತರದೊಡನೆ. ಅದರ ಒಡಹುಟ್ಟಿದಂಥ ಬಿಸ್ಮತ್ ಟೆಲ್ಯುರೈಡ್ ಮಾತ್ರ ಹಳೆಯ ಪರಿಚಯ. ಕಾರಿನಲ್ಲಿಡುವ ಪುಟ್ಟ ಫ್ರಿಜ್ಜಿನ ಪೆಲ್ಟಿಯರ್ ತುಣುಕಿನಲ್ಲಿ ದಶಕಗಳಿಂದ ಇರುವುದು ಅದೇ ವಸ್ತು. ಕೈಯಲ್ಲಿದ್ದ ವಸ್ತುವಿನ ಮೈಮೇಲೆ ಇಂಥದ್ದೊಂದು ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ರೆಸಿಸ್ಟೆನ್ಸ್ ಅಳೆದರೆ ಸಾಲದೇ? ಇಷ್ಟು ದೊಡ್ಡ ಯಂತ್ರ ಏಕೆ?

ಸಾಲುತ್ತಿತ್ತು, ಹರಳು ನಿಜವಾಗಿ ಶುದ್ಧವಾಗಿದ್ದರೆ. ಬಿಸ್ಮತ್ ಸೆಲೆನೈಡ್ ಬೆಳೆಸುವಾಗ ಅಲ್ಲಲ್ಲಿ ಸೆಲೆನಿಯಂ ಪರಮಾಣು ಬಿಟ್ಟುಹೋಗಿ, ಹೆಚ್ಚುವರಿ ಎಲೆಕ್ಟ್ರಾನುಗಳು ಒಳಗೆ ಉಳಿದುಕೊಳ್ಳುತ್ತವೆ. ಆಗ ಒಳಭಾಗವೂ ವಿದ್ಯುತ್ ಹರಿಸುತ್ತದೆ, ಮೇಲ್ಮೈಯ ಪಾಲು ಅದರಲ್ಲಿ ಮುಳುಗುತ್ತದೆ. ಟನಲಿಂಗ್ ಸೂಜಿ ಮೇಲ್ಮೈಯನ್ನು ಮಾತ್ರ ಮಾತಾಡಿಸುತ್ತದೆ. ಬಿಟ್ಟುಹೋದ ಆ ಸೆಲೆನಿಯಂನ ಜಾಗ ಎಲ್ಲಿ ಎಂದೂ ಅದೇ ತೋರಿಸುತ್ತದೆ.

ಮೇಲ್ಮೈಯ ಎಲೆಕ್ಟ್ರಾನು ಹಿಂದಕ್ಕೆ ತಿರುಗುವುದಿಲ್ಲ ಅಂತೀರಿ. ಕಂಡವರು ಯಾರು?

ಈ ಪ್ರಶ್ನೆ ಕೇಳಿದ್ದು ಸಕಲೇಶಪುರದ ಒಬ್ಬ ಹುಡುಗಿ. ಅವಳಿಗೆ ಹೇಳಿದ್ದನ್ನೇ ಬರೆಯುತ್ತೇನೆ.

ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಏರಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚು ನೀರಿನಲ್ಲಿ ನಿಲ್ಲುತ್ತದೆ. ಗಾಳಿಗೆ ಎದ್ದ ಅಲೆ ಗೋಡೆಗೆ ಬಡಿದು ಹಿಂತಿರುಗಿ, ಬರುವ ಅಲೆಯೊಡನೆ ಸೇರಿ, ಗೋಡೆಯ ಸುತ್ತ ಏರಿಳಿತದ ಗೆರೆಗಳಾಗುತ್ತವೆ. ಗೆರೆಗೂ ಗೆರೆಗೂ ಇರುವ ದೂರ ನೋಡಿ ಅಲೆಯ ಉದ್ದ ಹೇಳಬಹುದು. ಲೋಹದ ಮೇಲ್ಮೈಯಲ್ಲೂ ಹೀಗೆಯೇ. ಒಂದು ಕಲ್ಮಶ ಪರಮಾಣುವೇ ಗೋಡೆ, ಎಲೆಕ್ಟ್ರಾನೇ ಅಲೆ. 1993ರಲ್ಲಿ ತಾಮ್ರದ ಮೇಲೆ 48 ಕಬ್ಬಿಣದ ಪರಮಾಣುಗಳನ್ನು ಬಳೆಯಂತೆ ಜೋಡಿಸಿ ಒಳಗೆ ನಿಂತ ಅಲೆಗಳ ಚಿತ್ರ ತೆಗೆದದ್ದು ಪ್ರಸಿದ್ಧ.

ಟೋಪಾಲಜಿಕಲ್ ಮೇಲ್ಮೈಯಲ್ಲಿ ಎಲೆಕ್ಟ್ರಾನಿನ ದಿಕ್ಕಿಗೂ ಸ್ಪಿನ್ನಿಗೂ ಗಂಟು ಬಿದ್ದಿದೆ. ಪೂರ್ವಕ್ಕೆ ಹೋಗುವುದರ ಸ್ಪಿನ್ ಒಂದು ಕಡೆಗಾದರೆ ಪಶ್ಚಿಮಕ್ಕೆ ಹೋಗುವುದರ ಸ್ಪಿನ್ ಅದಕ್ಕೆ ನೇರ ಎದುರು. ಕಾಂತಗುಣವಿಲ್ಲದ ಕಲ್ಮಶ ಸ್ಪಿನ್ನನ್ನು ತಿರುಗಿಸಲಾರದು, ಹಾಗಾಗಿ ಎಲೆಕ್ಟ್ರಾನು ಬಂದ ದಾರಿಯಲ್ಲೇ ನೇರ ಹಿಂದಕ್ಕೆ ಹೋಗಲಾರದು. ಓರೆಯಾಗಿ ಚದುರಬಹುದು, ಇದನ್ನು ಮರೆಯಬಾರದು. ಪ್ರಿನ್ಸ್‌ಟನ್‌ನ ಅಲಿ ಯಾಜ್ದಾನಿ ಅವರ ತಂಡ 2009ರಲ್ಲಿ ಬಿಸ್ಮತ್ ಮತ್ತು ಆಂಟಿಮನಿಯ ಮಿಶ್ರಲೋಹದ ಮೇಲೆ ಈ ಅಲೆಗಳ ನಕ್ಷೆ ತೆಗೆದು, ಯಾವ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಚದುರುವಿಕೆ ಆಗಿದೆ ಎಂದು ಲೆಕ್ಕ ಹಾಕಿತು. ನೇರ ಹಿಂತಿರುಗುವಿಕೆಯ ಜಾಗದಲ್ಲಿ ಗುರುತೇ ಇರಲಿಲ್ಲ. ಅದೇ ವರ್ಷ ಚೀನಾದ ಸಂಶೋಧಕರು ಬಿಸ್ಮತ್ ಟೆಲ್ಯುರೈಡಿನ ಮೇಲೆ ಬೆಳ್ಳಿಯ ಪರಮಾಣು ಇಟ್ಟು ಹೀಗೆಯೇ ನೋಡಿದರು. ಕಾಣದೇ ಇರುವ ಗೆರೆಯೇ ಇಲ್ಲಿ ಸಾಕ್ಷಿ. ಇದು ಗೊತ್ತಾದ ದಿನ ನಾನು ಹಾಸ್ಟೆಲಿಗೆ ನಡೆದುಕೊಂಡೇ ಹೋದೆ, ಬಸ್ಸು ಹತ್ತಲು ಮನಸ್ಸಾಗಲಿಲ್ಲ.

ಕಾಂತಕ್ಷೇತ್ರ ಏಕೆ ಬೇಕು?

ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಸುತ್ತತೊಡಗಿ, ಅವುಗಳ ಶಕ್ತಿ ಬಿಡಿ ಬಿಡಿ ಮೆಟ್ಟಿಲುಗಳಾಗುತ್ತದೆ. ರೋಹಿತದಲ್ಲಿ ಸಾಲು ಶಿಖರಗಳು ಏಳುತ್ತವೆ. ಸಾಮಾನ್ಯ ವಸ್ತುವಿನಲ್ಲಿ ಮೆಟ್ಟಿಲುಗಳು ಸಮದೂರದಲ್ಲಿರುತ್ತವೆ. ಟೋಪಾಲಜಿಕಲ್ ಮೇಲ್ಮೈಯಲ್ಲಿ ಅವುಗಳ ಶಕ್ತಿ ಕಾಂತಕ್ಷೇತ್ರ ಮತ್ತು ಮೆಟ್ಟಿಲಿನ ಸಂಖ್ಯೆಗಳ ಗುಣಲಬ್ಧದ ವರ್ಗಮೂಲದಂತೆ ಏರುತ್ತದೆ, ಸೊನ್ನೆಯ ಮೆಟ್ಟಿಲು ಮಾತ್ರ ಕ್ಷೇತ್ರ ಎಷ್ಟು ಏರಿಸಿದರೂ ಕದಲುವುದಿಲ್ಲ. 2010ರಲ್ಲಿ ಬಿಸ್ಮತ್ ಸೆಲೆನೈಡಿನಲ್ಲಿ ಎರಡು ತಂಡಗಳು ಇದನ್ನು ಬೇರೆ ಬೇರೆಯಾಗಿ ಕಂಡವು.

ಅಷ್ಟು ತಣ್ಣಗೆ ಏಕೆ ಮಾಡಬೇಕು?

ಶಾಖಕ್ಕೆ ರೋಹಿತದ ಗೆರೆಗಳು ಹರಡಿ ಮಂಕಾಗುತ್ತವೆ. ಕೋಣೆಯ ತಾಪದಲ್ಲಿ ಹರಡುವಿಕೆ ಸುಮಾರು 90 ಮಿಲಿಎಲೆಕ್ಟ್ರಾನ್‌ವೋಲ್ಟ್. ದ್ರವ ಹೀಲಿಯಂನ 4.2 ಕೆಲ್ವಿನ್‌ನಲ್ಲಿ 1.3, ಹೀಲಿಯಂ-3 ಬಳಸಿ 0.3 ಕೆಲ್ವಿನ್‌ಗೆ ಇಳಿದರೆ 0.1ಕ್ಕೂ ಕಡಿಮೆ. ಅತಿವಾಹಕದ (ರೆಸಿಸ್ಟೆನ್ಸ್ ಇಲ್ಲದೆ ವಿದ್ಯುತ್ ಹರಿಸುವ ವಸ್ತುವಿನ) ಶಕ್ತಿಯ ಅಂತರವೇ ಒಂದೆರಡು ಮಿಲಿಎಲೆಕ್ಟ್ರಾನ್‌ವೋಲ್ಟ್ ಇರುವಾಗ ಬೆಚ್ಚಗಿನ ಯಂತ್ರದಲ್ಲಿ ಏನೂ ಕಾಣದು. ತಣ್ಣಗಿದ್ದರೆ ಪರಮಾಣುಗಳೂ ಸುಮ್ಮನಿರುತ್ತವೆ, ಒಂದೇ ಪರಮಾಣುವಿನ ಮೇಲೆ ದಿನಗಟ್ಟಲೆ ಸೂಜಿ ನಿಲ್ಲಿಸಬಹುದು.

ಸ್ಯಾಂಪಲ್ ಹೇಗೆ ತಯಾರಿಸುತ್ತೀರಿ? ಕೈ ತಾಗಿದರೆ ಹಾಳಾಗುವುದಿಲ್ಲವೇ?

ಕೈ ಬಿಡಿ, ಗಾಳಿ ತಾಗಿದರೂ ಹಾಳು. ಬಿಸ್ಮತ್ ಸೆಲೆನೈಡ್ ಕಾಗೆಬಂಗಾರದ ಹಾಗೆ ಪದರ ಪದರವಾಗಿ ಏಳುತ್ತದೆ, ಐದು ಪರಮಾಣು ಸಾಲುಗಳ ಒಂದೊಂದು ಪದರ ಸುಮಾರು 1 ನ್ಯಾನೋಮೀಟರ್ ದಪ್ಪ. ಹರಳಿನ ಮೇಲೆ ಒಂದು ಪುಟ್ಟ ಕಡ್ಡಿಯನ್ನು ಅಂಟಿಸಿ, ಯಂತ್ರದೊಳಗಿನ ನಿರ್ವಾತಕ್ಕೆ ಕಳಿಸಿ, ಅಲ್ಲೇ ಕಡ್ಡಿಯನ್ನು ತಳ್ಳಿ ಬೀಳಿಸುತ್ತೇವೆ. ಮೇಲಿನ ಪದರಗಳು ಕಡ್ಡಿಯ ಜೊತೆ ಎದ್ದು ಬಂದು ಯಾರೂ ಮುಟ್ಟದ ಮುಖ ತೆರೆದುಕೊಳ್ಳುತ್ತದೆ. ನಿರ್ವಾತ ವಾತಾವರಣದ ಒತ್ತಡದ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ. ನನ್ನ ಮೊದಲ ವರ್ಷ ಅಂಟು ಸರಿಯಾಗಿ ಒಣಗದೆ ನಾಲ್ಕು ಹರಳುಗಳು ಬುಡಸಮೇತ ಕಿತ್ತು ಬಂದವು.

ನಡುಕವೂ ಶತ್ರು. ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುವಾಗ ಪಕ್ಕದ ಕೋಣೆಯ ನೆಲ ಅದುರುವುದು ಕಾಫಿ ಸೀಮೆಯ ಮಕ್ಕಳಿಗೆ ಗೊತ್ತು. ನಮ್ಮ ಯಂತ್ರಕ್ಕೆ ಕಾರಿಡಾರಿನಲ್ಲಿ ಯಾರಾದರೂ ನಡೆದರೂ ಅಷ್ಟೇ ಕಾಟ. ಅದಕ್ಕೇ ಗಾಳಿಯ ಸ್ಪ್ರಿಂಗುಗಳ ಮೇಲೆ ತೇಲಿಸಿ, ಪಂಪುಗಳನ್ನು ನಿಲ್ಲಿಸಿ, ರಾತ್ರಿ ಅಳೆಯುತ್ತಿದ್ದೆವು.

ಸೂಜಿಯ ಬಗ್ಗೆ ಯಾರೂ ಕೇಳುವುದಿಲ್ಲ, ಆದರೂ ಹೇಳಬೇಕು. ಟಂಗ್‌ಸ್ಟನ್ ತಂತಿಯನ್ನು ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ವಿದ್ಯುತ್ತಿನಿಂದ ಸವೆಸಿ ಮೊನೆ ಮಾಡುತ್ತೇವೆ. ಒಮ್ಮೆ ನನ್ನ ರೋಹಿತದಲ್ಲಿ ಸೊನ್ನೆ ವೋಲ್ಟೇಜಿನ ಎರಡೂ ಬದಿ ಸಮನಾದ, ಬಹಳ ಚೆಂದದ ಒಂದು ತಗ್ಗು ಬಂತು. ಮೂರು ವಾರ ಅದರ ಹಿಂದೆ ಬಿದ್ದೆ, ಮನೆಗೂ ಫೋನ್ ಮಾಡಿ ಹೇಳಿದ್ದೆ. ಆಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಅದೇ ಸೂಜಿಯನ್ನು ಬರಿಯ ಚಿನ್ನದ ಮೇಲೆ ಇಟ್ಟು ನೋಡು ಎಂದರು. ಚಿನ್ನದ ಮೇಲೂ ಅದೇ ತಗ್ಗು. ಅದು ಸ್ಯಾಂಪಲ್ಲಿನದಾಗಿರಲಿಲ್ಲ, ಸೂಜಿಯ ತುದಿಗೆ ಅಂಟಿದ ಯಾವುದೋ ಚೂರಿನದು. ಅಂದಿನಿಂದ ಚಿನ್ನದ ಮೇಲೆ ಪರೀಕ್ಷಿಸದ ಸೂಜಿಯ ರೋಹಿತವನ್ನು ನಾನು ನಂಬಿಲ್ಲ, ಬೇರೆಯವರದನ್ನೂ.

ಮಜೊರಾನಾ ಸಿಕ್ಕಿತೇ ಇಲ್ಲವೇ? ಪೇಪರಿನಲ್ಲಿ ಒಮ್ಮೆ ಹಾಗೆ, ಒಮ್ಮೆ ಹೀಗೆ ಬರುತ್ತದೆ.

ಖಚಿತವಾಗಿ ಸಿಕ್ಕಿದೆ ಎಂದು ಇಂದು ಹೇಳುವಂತಿಲ್ಲ. ತಾನೇ ತನ್ನ ಪ್ರತಿಕಣವಾಗಿರುವ ಕಣವನ್ನು 1937ರಲ್ಲಿ ಎತ್ತೊರೆ ಮಜೊರಾನಾ ಊಹಿಸಿದರು. ಟೋಪಾಲಜಿಕಲ್ ಅತಿವಾಹಕದ ತಂತಿಯ ಎರಡು ತುದಿಗಳಲ್ಲಿ, ಅಥವಾ ಕಾಂತಕ್ಷೇತ್ರ ನುಸುಳುವ ಸುಳಿಗಳ ನಡುವಿನಲ್ಲಿ, ಅದರಂತೆ ವರ್ತಿಸುವ ಸ್ಥಿತಿ ಇರಬೇಕು ಎನ್ನುತ್ತದೆ ಸಿದ್ಧಾಂತ. ಅದರ ಶಕ್ತಿ ಕರಾರುವಾಕ್ಕಾಗಿ ಸೊನ್ನೆ. ಹಾಗಾಗಿ ರೋಹಿತದಲ್ಲಿ ಸೊನ್ನೆ ವೋಲ್ಟೇಜಿನಲ್ಲಿ ಒಂದು ಶಿಖರ ಬರಬೇಕು.

ಶಿಖರ ಬಂತು. 2012ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಇಂಡಿಯಂ ಆಂಟಿಮೊನೈಡ್ ತಂತಿಯಲ್ಲಿ, 2014ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಸೀಸದ ಮೇಲೆ ಸಾಲಾಗಿ ಕೂತ ಕಬ್ಬಿಣದ ಪರಮಾಣುಗಳ ತುದಿಯಲ್ಲಿ, 2018ರಲ್ಲಿ ಕಬ್ಬಿಣ, ಟೆಲ್ಯುರಿಯಂ, ಸೆಲೆನಿಯಂ ಸೇರಿದ ಅತಿವಾಹಕದ ಸುಳಿಗಳಲ್ಲಿ. ಕಷ್ಟ ಏನೆಂದರೆ ಸೊನ್ನೆಯಲ್ಲಿ ಶಿಖರ ಎಬ್ಬಿಸುವವರು ಬೇರೆಯವರೂ ಇದ್ದಾರೆ. ಕಾಂತೀಯ ಕಲ್ಮಶದ ಸ್ಪಿನ್ನಿಗೆ ಸುತ್ತಲಿನ ಎಲೆಕ್ಟ್ರಾನುಗಳು ಬೆಸೆದುಕೊಳ್ಳುವ ಕೊಂಡೊ ಪರಿಣಾಮ ಎಬ್ಬಿಸುತ್ತದೆ, ತಂತಿಯ ಅಂಕುಡೊಂಕಿನಿಂದ ಹುಟ್ಟಿ ಅತಿವಾಹಕದ ಅಂತರದೊಳಗೆ ಸಿಕ್ಕಿಕೊಂಡ ಸಾಮಾನ್ಯ ಆಂಡ್ರೀಯೆವ್ ಸ್ಥಿತಿಗಳೂ ಎಬ್ಬಿಸುತ್ತವೆ. ಶಿಖರದ ಎತ್ತರ ಸಿದ್ಧಾಂತ ಹೇಳಿದಷ್ಟೇ ಇದೆ ಎಂದು 2018ರಲ್ಲಿ ಬಂದ ಒಂದು ಪ್ರಸಿದ್ಧ ಪ್ರಬಂಧವನ್ನು, ಪೂರ್ತಿ ದತ್ತಾಂಶ ಮತ್ತೆ ನೋಡಿದ ಮೇಲೆ ಆ ಮಾತು ನಿಲ್ಲುವುದಿಲ್ಲವೆಂದು ಲೇಖಕರೇ 2021ರಲ್ಲಿ ಹಿಂತೆಗೆದುಕೊಂಡರು. ಫೆಬ್ರವರಿ 2025ರಲ್ಲಿ ಮೈಕ್ರೋಸಾಫ್ಟ್ ಮಜೊರಾನಾ 1 ಎಂಬ ಚಿಪ್ ಪ್ರಕಟಿಸಿದಾಗಲೂ, ಜೊತೆಗೆ ಬಂದ ಪ್ರಬಂಧ ಮಜೊರಾನಾ ಸ್ಥಿತಿಗೆ ಪುರಾವೆಯಲ್ಲ ಎಂದು ಅದನ್ನು ಪ್ರಕಟಿಸಿದ ನೇಚರ್ ಪತ್ರಿಕೆಯ ಸಂಪಾದಕರು ವಿಮರ್ಶೆಯ ಕಡತದಲ್ಲಿ ದಾಖಲಿಸಿದ್ದರು.

ಇದನ್ನೆಲ್ಲ ಕೇಳಿ ಮಕ್ಕಳು ವಿಜ್ಞಾನದ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆಂದು ಒಬ್ಬ ಅಧ್ಯಾಪಕರು ನನ್ನ ಬಳಿ ಬೇಸರಪಟ್ಟರು. ನನ್ನ ಅನುಭವ ಬೇರೆ. ಶಿಖರ ಕಂಡಾಗ ಏನೇನು ಕೇಳಬೇಕು ಎಂದು ಹೇಳಿಕೊಟ್ಟರೆ ಮಕ್ಕಳ ಕಣ್ಣು ಅರಳುತ್ತದೆ. ಕಾಂತಕ್ಷೇತ್ರ ಏರಿಸಿದರೆ ಶಿಖರ ಎರಡಾಗಿ ಸೀಳುತ್ತದೆಯೇ? ಸೂಜಿಯನ್ನು ಸುಳಿಯ ನಡುವಿನಿಂದ ಆಚೆ ಒಯ್ದಾಗ ಸೊನ್ನೆಯಲ್ಲೇ ನಿಂತು ಕುಗ್ಗುತ್ತದೆಯೇ, ಇಲ್ಲವೇ ಪಕ್ಕಕ್ಕೆ ಸರಿಯುತ್ತದೆಯೇ? ತಂತಿಯ ಇನ್ನೊಂದು ತುದಿಯಲ್ಲೂ ಇದೆಯೇ? ಟೋಪಾಲಜಿ ಇಲ್ಲದ ಸ್ಯಾಂಪಲ್ಲಿನಲ್ಲಿ ಇಲ್ಲ ತಾನೇ? 2019ರಲ್ಲಿ ಜಪಾನಿನ ಸಂಶೋಧಕರು 0.1 ಕೆಲ್ವಿನ್‌ಗೂ ಕೆಳಗಿಳಿದು ಬಹಳಷ್ಟು ಸುಳಿಗಳನ್ನು ಎಣಿಸಿ ನೋಡಿದರು. ಸೊನ್ನೆಯ ಶಿಖರ ಕೆಲವು ಸುಳಿಗಳಲ್ಲಿತ್ತು, ಕೆಲವುದರಲ್ಲಿ ಇರಲಿಲ್ಲ, ಕ್ಷೇತ್ರ ಏರಿದಷ್ಟೂ ಇರುವವು ಕಡಿಮೆಯಾದವು. ಇಲ್ಲದ ಸುಳಿಗಳನ್ನೂ ಎಣಿಸಿ ಬರೆದದ್ದಕ್ಕೆ ಆ ಪ್ರಬಂಧ ನನಗೆ ಇಷ್ಟ.

ಇದೇ ಕೆಲಸಕ್ಕೆ ಬೇರೆ ಉಪಕರಣ ಇಲ್ಲವೇ?

ಇದೆ. ಆರ್ಪೆಸ್ ಎಂದು ಕರೆಯುವ ವಿಧಾನದಲ್ಲಿ ಬೆಳಕು ಹಾಯಿಸಿ ಹೊರಬಿದ್ದ ಎಲೆಕ್ಟ್ರಾನಿನ ದಿಕ್ಕು, ಶಕ್ತಿ ಅಳೆಯುತ್ತಾರೆ. ಟೋಪಾಲಜಿಕಲ್ ಮೇಲ್ಮೈಯ ಎಲೆಕ್ಟ್ರಾನುಗಳ ಶಕ್ತಿಯ ನಕ್ಷೆ ಶಂಕುವಿನಾಕಾರದಲ್ಲಿರುವುದು ಮೊದಲು ಕಂಡದ್ದು ಅದರಲ್ಲೇ. ಆದರೆ ಅದಕ್ಕೆ ತುಂಬಿದ ಸ್ಥಾನಗಳು ಮಾತ್ರ ಕಾಣುತ್ತವೆ, ಕಾಂತಕ್ಷೇತ್ರದಲ್ಲಿ ನಡೆಸುವುದು ಕಷ್ಟ, ಒಂದು ಪರಮಾಣುವಿನ ಸುತ್ತ ಏನಾಗಿದೆ ಎಂದು ಅದು ಹೇಳದು. ಎರಡೂ ಬೇಕು.

ಇದರಿಂದ ನಮಗೇನು ಉಪಯೋಗ ಮೇಡಂ?

ತೋಟಕ್ಕೆ, ಹೊಲಕ್ಕೆ ಇಂದು ಏನೂ ಇಲ್ಲ. ಕಡಿಮೆ ಶಕ್ತಿ ವ್ಯರ್ಥ ಮಾಡುವ ಎಲೆಕ್ಟ್ರಾನಿಕ್ಸ್, ಗದ್ದಲಕ್ಕೆ ಕೆಡದ ಕ್ವಾಂಟಮ್ ಕಂಪ್ಯೂಟರ್ ಎಂಬ ಆಸೆಗಳಿವೆ, ಅವಿನ್ನೂ ಆಸೆಗಳೇ. 1957ರಲ್ಲಿ ಲಿಯೊ ಎಸಾಕಿ ಡಯೋಡಿನಲ್ಲಿ ಟನಲಿಂಗ್ ಕಂಡಾಗ, 1960ರಲ್ಲಿ ಐವಾರ್ ಗೀವರ್ ಅತಿವಾಹಕದ ಅಂತರವನ್ನು ಟನಲಿಂಗ್‌ನಿಂದಲೇ ಅಳೆದಾಗ ಫ್ಲ್ಯಾಶ್ ಮೆಮೊರಿ ಎಂಬುದೇ ಇನ್ನೂ ಹುಟ್ಟಿರಲಿಲ್ಲ. ಇಂದು ಫೋನಿನ, ಪೆನ್‌ಡ್ರೈವಿನ ಫ್ಲ್ಯಾಶ್ ಮೆಮೊರಿಯಲ್ಲಿ ಎಲೆಕ್ಟ್ರಾನುಗಳು ಟನಲಿಂಗ್ ಮೂಲಕವೇ ಓಡಾಡುತ್ತವೆ.

ನಮ್ಮ ಮಗಳು ಇಲ್ಲೇ ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳು ಈ ಕೆಲಸಕ್ಕೆ ಹೋಗಬಹುದೇ?

ಖಂಡಿತ. ಭೌತಶಾಸ್ತ್ರ, ಗಣಿತ ಎರಡೂ ಇರಲಿ. ಐಐಟಿಗಳಲ್ಲಿ ಎಂ.ಎಸ್ಸಿ. ಸೇರಲು ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಬಿ.ಎಸ್ಸಿ. ನಂತರ ಸೇರುವ ಇಂಟಿಗ್ರೇಟೆಡ್ ಪಿಎಚ್.ಡಿ. ಇದೆ, ವಿದ್ಯಾರ್ಥಿವೇತನವೂ ಬರುತ್ತದೆ. ಅದಕ್ಕೂ ಮೊದಲು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿಸಿ, ಎರಡು ತಿಂಗಳು ನಿಜವಾದ ಪ್ರಯೋಗಾಲಯ ನೋಡಲಿ. 2023ರಲ್ಲಿ ಒಪ್ಪಿಗೆಯಾದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಇಟ್ಟಿದ್ದಾರೆ, ಕ್ವಾಂಟಮ್ ವಸ್ತುಗಳೂ ಅದರ ಒಂದು ಭಾಗ. ಇಂಗ್ಲಿಷ್ ಬರುವುದಿಲ್ಲ ಎಂಬ ಅಂಜಿಕೆ ಬೇಡ. ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಮೊದಲ ಆರು ತಿಂಗಳು ಕಷ್ಟವಾಯಿತು, ಆಮೇಲೆ ಆಗಲಿಲ್ಲ.

ಹಾಸನದಲ್ಲೇ ಕೈಯಾರೆ ಮಾಡಿ ನೋಡುವಂಥದ್ದು ಏನಾದರೂ ಇದೆಯೇ?

ಹೀಲಿಯಂ ಯಂತ್ರ ಇಲ್ಲಿ ಆಗದು. ಆದರೆ ಮಜೊರಾನಾ ಶಿಖರದ ಎತ್ತರ ಅಳೆಯುವ ಮೂಲಮಾನವನ್ನು, ಅಂದರೆ ಒಂದೇ ದಾರಿಯಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯಬಲ್ಲದು ಎಂಬ ಕ್ವಾಂಟಮ್ ಅಳತೆಯನ್ನು, ನಮ್ಮ ಕಾಲೇಜಿನ ಮೇಜಿನ ಮೇಲೆ ನೋಡಬಹುದು. ಅಕ್ಕಸಾಲಿಗರ ಅಂಗಡಿಯಿಂದ ಅಪರಂಜಿ ಚಿನ್ನದ ತೆಳು ತಂತಿಯ ಎರಡು ತುಂಡು ತನ್ನಿ. ಒಂದಕ್ಕೊಂದು ಅಡ್ಡವಾಗಿ ತಾಗಿಯೂ ತಾಗದ ಹಾಗೆ ನಿಲ್ಲಿಸಿ, 0.1 ವೋಲ್ಟಿಗಿಂತ ಕಡಿಮೆ ಕೊಟ್ಟು, ಕರೆಂಟನ್ನು ಆಂಪ್ಲಿಫೈಯರ್ ಮೂಲಕ ಡಿಜಿಟಲ್ ಆಸಿಲೋಸ್ಕೋಪಿಗೆ ಹಾಯಿಸಿ. ಮೇಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ತಂತಿಗಳು ಕೂಡಿ ಬಿಡುವಾಗ ನಡುವೆ ಉಳಿಯುವುದು ಕೆಲವೇ ಪರಮಾಣುಗಳ ಸೇತುವೆ, ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು. ಆಗ ಕರೆಂಟು ನಯವಾಗಿ ಇಳಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೊನೆಯ ಮೆಟ್ಟಿಲಿನ ರೆಸಿಸ್ಟೆನ್ಸ್ 12.9 ಕಿಲೋಓಮ್ ಹತ್ತಿರ ಬಂದರೆ ನೀವು ನೋಡಿದ್ದು ಒಂದೇ ಪರಮಾಣುವಿನ ದಾರಿ. ಹತ್ತು ಸಲ ತಟ್ಟಿದರೆ ಒಂದೆರಡು ಸಲ ಚೆನ್ನಾಗಿ ಬರುತ್ತದೆ. ಬಾರದಿದ್ದರೆ ತಂತಿಯನ್ನು ಆಲ್ಕೋಹಾಲಿನಲ್ಲಿ ಒರೆಸಿ, ಟ್ರಿಗರ್ ಮಟ್ಟ ಸ್ವಲ್ಪ ಇಳಿಸಿ, ಫ್ಯಾನ್ ಆರಿಸಿ ಮತ್ತೆ ತಟ್ಟಿ.